ಅಪ್ಪನ ಲೆನ್ಸಿಗೊಂದು ಕಾಲು

ಅಪ್ಪನಿಗೆ,

ನಿಮ್ಮ ಪತ್ರ ತಲುಪಿತು. ಆ ದೊಡ್ಡ ಟೆಲಿ ಲೆನ್ಸಿಗೆ ಯಾವ ಮೊನೊಪಾಡ್, ಅದೇ ಒಂಟಿಕಾಲಿನ ಸ್ಟ್ಯಾಂಡ್, ಕೊಳ್ಳಲಿ ಎಂದು ಕೇಳಿದ್ದೀರಿ. ನೀವು ಪಂದ್ಯಗಳ ಫೋಟೋ ತೆಗೆಯುವಾಗ ಮೈದಾನದ ಅಂಚಿನಲ್ಲಿ ಅದರ ಭಾರ ಹೊತ್ತದ್ದು ಮೊದಲು ನನ್ನ ಹೆಗಲು, ನಾನು ಮನೆ ಬಿಟ್ಟ ಮೇಲೆ ತಂಗಿಯ ಹೆಗಲು. ಹಾಗಾಗಿ ಉತ್ತರ ನನಗೆ ಚೆನ್ನಾಗಿಯೇ ಗೊತ್ತು.

ಕಾಲು ದಪ್ಪದ್ದಿರಲಿ, ಪೂರ್ತಿ ಎಳೆದರೆ ಕ್ಯಾಮೆರಾ ನಿಮ್ಮ ಕಣ್ಣಿನ ಮಟ್ಟಕ್ಕೆ ಬರಬೇಕು. ಮೇಲೆ ಲೆನ್ಸ್ ಕೂರಿಸುವ ಹೆಡ್ ಹಿಂದೆ ಮುಂದೆ ಬಾಗಿದರೆ ಸಾಕು. ಎಲ್ಲ ದಿಕ್ಕಿಗೂ ತಿರುಗುವ ಬಾಲ್ ಹೆಡ್ ಬೇಡ, ಅಷ್ಟು ಭಾರಕ್ಕೆ ಪಕ್ಕಕ್ಕೆ ವಾಲಿಬಿಡುತ್ತದೆ. ವಾಲಿದರೆ ಅದರ ಕೆನ್ನೆಗೆ ಬಾರಿಸಲು ಬರುವುದಿಲ್ಲ. "ಉಸಿರು ಬಿಗಿಹಿಡಿ, ಫೋಟೋ ಅಲುಗಾಡ್ತಿದೆ" ಎಂದು ಗದರಿ ಪ್ರಯೋಜನವೂ ಇಲ್ಲ.

ಕಳೆದ ಪಂದ್ಯದಲ್ಲಿ ತಂಗಿ ಕುಸಿದಾಗ ನೀವು ಮೊದಲು ಲೆನ್ಸ್ ಹಿಡಿದುಕೊಂಡಿರಂತೆ. ಅವಳನ್ನು ಎತ್ತಿಕೊಂಡು ಓಡಿದ್ದು ಯಾರೋ ಗೋಲ್‌ಕೀಪರ್. ಅವಳ ಭುಜದ ಮೂಳೆ ಬಿರುಕು ಬಿಟ್ಟಿದೆ. ಆಸ್ಪತ್ರೆಯಿಂದ ನೇರವಾಗಿ ನನ್ನ ಮನೆಗೇ ಕರೆತಂದಿದ್ದೇನೆ, ಇನ್ನು ಶಾಲೆಯೂ ಇಲ್ಲೇ. ಅವಳ ಬಟ್ಟೆ, ಪುಸ್ತಕ ಪಾರ್ಸೆಲ್ ಮಾಡಿ. ನೀವೇ ತರಬೇಡಿ, ಬಾಗಿಲು ತೆಗೆಯುವುದಿಲ್ಲ.

ನಿಮ್ಮ ಪತ್ರವನ್ನು ಅಂಚೆಯವನ ಕೈಯಿಂದ ಓಡಿ ಹೋಗಿ ಇಸಿದುಕೊಂಡವಳು ಅವಳೇ. "ಅಕ್ಕಾ, ಅಪ್ಪ ನನ್ನ ಬಗ್ಗೆ ಏನ್ ಕೇಳಿದಾರೆ?" ಎಂದಳು. ಹಾಳೆ ತಿರುವಿ ತಿರುವಿ ಹುಡುಕಿದೆ, ಅವಳ ಸುದ್ದಿಯೇ ಇರಲಿಲ್ಲ. ನಾನು ಏನಾದರೊಂದು ಕಟ್ಟಿ ಹೇಳಬಹುದಿತ್ತು. ಹೇಳಲಿಲ್ಲ. ಪತ್ರವನ್ನು ಅವಳ ಕೈಗೇ ಕೊಟ್ಟು, ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿಸಿದೆ. ಈಗ ಅವಳು ನಿಮ್ಮ ಬಗ್ಗೆ ಕೇಳುತ್ತಿಲ್ಲ.

ಇತಿ,
ನಿಮ್ಮ ದೊಡ್ಡ ಮಗಳು