ಸ್ಪಿರಿಟ್ಟಿಗೆ ಸತ್ತ ಕ್ರಿಮಿಗಳು

ಥಂಡರ್ ಬೇ,
ಮಾರ್ಚ್ ೯

ನನ್ನ ಮುದ್ದು ಸಿರ್ಕಾ,

ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಕಾಲು ಬಿಡುವುದಿಲ್ಲ. ಬೆಳಗಿನಿಂದ ಕಾಫಿ ಕಾಯಿಸುವುದು, ಕುಡಿಯದೆ ಚೆಲ್ಲುವುದು, ಇದೇ ಆಗಿದೆ. ನಿನ್ನೆ ನೀನು ಟೊರಾಂಟೊದಿಂದ ಫೋನ್ ಮಾಡಿ ಅತ್ತದ್ದು ಕಿವಿಯಿಂದ ಹೋಗುತ್ತಿಲ್ಲ ಕಣೇ. ಬರೆದು ಫೋಟೋ ಕಳಿಸಿದರೇ ವಾಸಿ, ಫೋನಿನಲ್ಲಾದರೆ ಮಧ್ಯೆ ಬಾಯಿ ಹಾಕುತ್ತೀಯ.

ನೀನು ಹೇಳಿದ್ದು ನನಗೂ ಅರ್ಥವಾಗಿದೆ. ಮೂಳೆಗೆ ಹಾಕುವ ರಾಡಿನ ಟೈಟಾನಿಯಂ ತುಂಡುಗಳಿಗೆ ನಿನ್ನ ಪಾಲಿಮರ್ ಲೇಪನ ಹಚ್ಚಿ, ಸ್ಪಿರಿಟ್ಟಿನಲ್ಲಿ ತೊಳೆದು, ಸರಿಯಾಗಿ ಒಣಗಿಸದೆ ಕೀವಿನ ಕ್ರಿಮಿಗಳನ್ನು ಬಿಟ್ಟು ಪರೀಕ್ಷಿಸಿದಿರಿ. ಕ್ರಿಮಿಗಳೆಲ್ಲ ಸತ್ತವು. ಲೇಪನವೇ ಕೊಂದಿತೆಂದು ಲ್ಯಾಬಿನಲ್ಲಿ ಕೇಕ್ ಕತ್ತರಿಸಿದಿರಿ. ಈಗ ಒಣಗಿಸಿ ನೋಡಿದರೆ ಅದರ ಮೇಲೆ ಕ್ರಿಮಿಗಳು ಹಾಯಾಗಿವೆ. ಕೊಂದದ್ದು ಒಳಗೆ ಉಳಿದಿದ್ದ ಸ್ಪಿರಿಟ್ಟು. ಎಲುಬಿನ ಜೀವಕೋಶಗಳಿಗಂತೂ ಆ ಲೇಪನ ಈಗಲೂ ಒಗ್ಗುತ್ತದಂತಲ್ಲ, ಅರ್ಧ ಕೆಲಸ ಆಯಿತು ಬಿಡು.

"ನನ್ನನ್ನ ನಂಬ್ಕೊಂಡು ಕೂತ್ಯಲ್ಲಮ್ಮಾ" ಅಂದೆಯಲ್ಲ. ನಿಜ, ಕೂತೆ. ಹಿಮದಲ್ಲಿ ಜಾರಿಬಿದ್ದಾಗ ಕಾಲಿಗೆ ಹಾಕಿದ ರಾಡಿಗೆ ಕೀವು ಹಿಡಿಯಿತು. ಡಾಕ್ಟರ್ ಮೊರೋ, "ತೆಗೆದು ಬೇರೆ ಹಾಕೋಣ, ತಡ ಮಾಡಿದ್ರೆ ಕಾಲೇ ಹೋಗುತ್ತೆ" ಎಂದರು. "ಹಾಕೋದಾದ್ರೆ ನನ್ ಮಗಳ ಲೇಪನ ಇರೋದೇ ಹಾಕಿ" ಎಂದೆ. ಅದು ಆಸ್ಪತ್ರೆಗೆ ಬರಲು ವರ್ಷಗಳೇ ಬೇಕೆಂದು ಪಾಪ, ಹಣೆ ಚಚ್ಚಿಕೊಂಡರು. ಹಠ ನನ್ನದು, ನಿನ್ನದಲ್ಲ.

ಪಕ್ಕದ ಮನೆಯ ಎಲ್ವಿ ಏಲಕ್ಕಿ ಬ್ರೆಡ್ ತಂದವಳು, "ನಿನ್ ಮಗಳು ಕ್ರಿಮಿ ಕೊಲ್ಲೋ ಹೊತ್ಗೆ ಅವೇ ನಿನ್ನ ಮುಗಿಸಿರ್ತಾವೆ, ಮಾರಾಯ್ತಿ" ಎಂದು ಚುಚ್ಚಿದಳು. ಬ್ರೆಡ್ ಇಟ್ಟುಕೊಂಡು ಅವಳನ್ನು ಅಟ್ಟಿದೆ. ನನಗೆ ನೋವೇನೂ ಇಲ್ಲ. ಹಬೆಸ್ನಾನಕ್ಕೆ ಸೌನಾದ ಮೆಟ್ಟಿಲನ್ನೂ ಹತ್ತುತ್ತೇನೆ. ನೀನು ಓಡಿ ಬರಬೇಡ.

ಕೆಲಸ ಬಿಡುತ್ತೇನೆ ಎಂದೆಯಲ್ಲ, ಅದಕ್ಕೆ ಮಾತ್ರ ಹೊಟ್ಟೆ ಉರಿಯಿತು. ಯಾರ ಕಣ್ಣಿಗೂ ಬೀಳದ ತಪ್ಪನ್ನು ನೀನೇ ಹಿಡಿದೆ, ನೀನೇ ಎಲ್ಲರೆದುರು ಹೇಳಿದೆ. ಬಾಯಿ ಮುಚ್ಚಿಕೊಂಡಿದ್ದರೆ ಮುಂದೊಂದು ದಿನ ಅದು ಯಾರದೋ ತಾಯಿಯ ಕಾಲಿಗೆ ಹೋಗುತ್ತಿತ್ತು. ಇಂಥವಳು ಕೆಲಸ ಬಿಟ್ಟರೆ ಮಾಡುವವರು ಯಾರೇ?

ನಿನ್ನ ಹಠಮಾರಿ ಅಮ್ಮ,
ಐಲಾ

ತಾ.ಕ.: ನೋವಿಲ್ಲ ಎಂದದ್ದು ಸುಳ್ಳು. ಓಡಿ ಬರಬೇಡ ಎಂದದ್ದೂ ಸುಳ್ಳು. ಜ್ವರ ಏರಿದೆ, ಭಯವಾಗುತ್ತಿದೆ. ನೀನು ಫೋನ್ ಇಟ್ಟ ಕೂಡಲೇ ಡಾಕ್ಟರಿಗೆ ಒಪ್ಪಿಗೆ ಕೊಟ್ಟೆ; ನಾಳೆಯೇ ಆಪರೇಷನ್. ಕಾಲು ಉಳಿಯುತ್ತದೋ ಇಲ್ಲವೋ, ಅವರೂ ಬಾಯಿ ಬಿಡುತ್ತಿಲ್ಲ. ರಾಡನ್ನು ಎಸೆಯಬೇಡಿ, ಮಗಳು ಬಂದು ಒಯ್ಯುತ್ತಾಳೆ ಎಂದಿದ್ದೇನೆ. ಅದರ ಮೇಲಿರುವವು ನನ್ನ ಕಾಲು ತಿಂದ ಕ್ರಿಮಿಗಳು. ನಿನ್ನ ಮುಂದಿನ ಲೇಪನದ ಮೇಲೆ ಅವನ್ನೇ ಬಿಟ್ಟು ನೋಡು. ತೆಗೆದುಕೊಂಡು ಹೋಗುವಾಗ ಮಾತ್ರ ಸ್ಪಿರಿಟ್ಟು ಮುಟ್ಟಿಸೀಯೆ, ಜೋಕೆ.