ಬಂಪರಿನ ಹಿಂದಿನ ಕಬ್ಬಿಣ

ಘೋಣಸಗಿ
೧೪ ಅಕ್ಟೋಬರ್ ೨೦೨೫

ಪ್ರೀತಿಯ ತಮ್ಮ ರಾಹುಲನಿಗೆ ಅಣ್ಣ ಚಂದ್ರಕಾಂತನ ಆಶೀರ್ವಾದಗಳು.

ಮೈಯಲ್ಲಿ ಹೇಗಿದೆ? ಮಗ್ಗದ ಶೆಡ್ಡಿನಲ್ಲಿ ಹತ್ತಿಯ ಧೂಳು ಬಹಳವಂತೆ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳದೆ ನಿಲ್ಲಬೇಡ ಎಂದು ಅವ್ವ ಎಲ್ಲಕ್ಕಿಂತ ಮೊದಲು ಬರೆಸುತ್ತಿದ್ದಾಳೆ. ಸಣ್ಣವನಿದ್ದಾಗ ಚಳಿ ಶುರುವಾದರೆ ನಿನಗೆ ಕೆಮ್ಮು ಬರುತ್ತಿತ್ತು, ಈಗ ಅಲ್ಲಿ ಓಂಕಾಳಿನ ಕಷಾಯ ಕಾಯಿಸಿ ಕೊಡುವವರು ಯಾರಿದ್ದಾರೆ? ಪಂಚಮಿಗೆ ನೀನು ಅವ್ವನಿಗೆ ಕಳಿಸಿದ ಸೀರೆ ಮುಟ್ಟಿತು. ಪಾರ್ಸೆಲ್ಲಿನ ಮೇಲಿದ್ದ ಇಚಲಕರಂಜಿಯ ವಿಳಾಸವನ್ನು ನಿನ್ನ ಅತ್ತಿಗೆ ಲಲಿತಾ ಕತ್ತರಿಸಿ ದೇವರ ಗೂಡಿನಲ್ಲಿ ಇಟ್ಟಿದ್ದಳು, ಅದನ್ನೇ ನೋಡಿ ಬರೆಯುತ್ತಿದ್ದೇನೆ. ಫೋನನ್ನಂತೂ ನೀನು ಎತ್ತುವುದಿಲ್ಲ. ಅವ್ವ ಆ ಸೀರೆ ಬಿಚ್ಚಿ ನೋಡಿ, 'ಹಸರು ನನಗ ಯಾಕ ಕಳಿಸ್ಯಾನ' ಎಂದು ಒಂದು ಸಲ ಅತ್ತಳು. ಮರುದಿನ ಅದನ್ನೇ ಉಟ್ಟುಕೊಂಡು ಕುರಿಗಳ ಹಟ್ಟಿಗೆ ಹೋದಳು.

ಇಲ್ಲಿ ಈ ವರ್ಷ ಮಳೆ ನಿಂತಿಲ್ಲ. ಕುರಿಗಳ ಕಾಲಿಗೆ ಹುಣ್ಣು ಬಿದ್ದು ಮೂರು ಸತ್ತವು, ನಿನ್ನ ಕರಿ ಕಿವಿಯ ಕುರಿಯೂ ಹೋಯಿತು. ಲಲಿತಾಳ ಮೊಣಕಾಲು ನೋವು ಹಾಗೇ ಇದೆ. ಹಬ್ಬದ ಅಡಿಗೆ ಮಾಡಿದರೂ ಮೂರು ಜನ ಉಂಡು ಎದ್ದಾಗ ಅರ್ಧ ಉಳಿದಿರುತ್ತದೆ. ಮೊದಲು ಸಾಲುತ್ತಿರಲಿಲ್ಲ.

ಜೀಪಿನ ಸುದ್ದಿ ಬರೆಯಬೇಕು. ಅದನ್ನು ಬರೆಯಲು ಆ ದಿನದ್ದನ್ನೂ ಬರೆಯಬೇಕಾಗುತ್ತದೆ. ನಾವಿಬ್ಬರೂ ಅದನ್ನು ಒಮ್ಮೆಯೂ ಬಾಯಿ ಬಿಟ್ಟು ಆಡಿಲ್ಲ. ಕಾಖಂಡಕಿಗೆ ನಿನಗೆ ಹೆಣ್ಣು ನೋಡಲು ಹೊರಟಿದ್ದೆವು, ಅಪ್ಪ, ನೀನು, ನಾನು. ಹಿಂದಿನ ದಿನದ ಮಳೆಗೆ ಎರೆಹೊಲದ ದಾರಿ ಅಂಟಾಗಿ, ಹಳ್ಳದ ಹತ್ತಿರ ಜೀಪು ಹೊಟ್ಟೆಯವರೆಗೆ ಕೂತುಬಿಟ್ಟಿತು. ಈರಯ್ಯ ಮಾಮಾ ತನ್ನ ಹೊಲದಿಂದ ಟ್ರ್ಯಾಕ್ಟರ್ ತಂದ. ಸರಪಳಿಯನ್ನು ಮುಂದಿನ ಬಂಪರಿಗೆ ಸಿಕ್ಕಿಸಿ ಎಳೆದರು. ನೀನು ಸ್ಟೇರಿಂಗಿನ ಹಿಂದೆ ಇದ್ದೆ. ಅಪ್ಪ ಟ್ರ್ಯಾಕ್ಟರಿನ ಪಕ್ಕ ನಿಂತು, 'ಸಾವಕಾಶ, ಸಾವಕಾಶ' ಎನ್ನುತ್ತಿದ್ದ. ಎರಡನೆಯ ಸಲ ಜಗ್ಗಿದಾಗ ಬಂಪರಿನ ಪಟ್ಟಿ ಕಿತ್ತು, ಸರಪಳಿಯ ಜೊತೆಗೇ ಹಾರಿ ಬಂದು ಅಪ್ಪನ ಎದೆಗೆ ಬಡಿಯಿತು. ವಿಜಯಪುರದ ಆಸ್ಪತ್ರೆ ಮುಟ್ಟಲಿಲ್ಲ. ತಿಕೋಟಾ ದಾಟುವಾಗಲೇ ನನ್ನ ತೊಡೆಯ ಮೇಲಿದ್ದ ತಲೆ ಭಾರವಾಯಿತು.

ಮೂರನೆಯ ದಿನ ಮಾತಾಡಿಸಲು ಬಂದವರಲ್ಲಿ ಯಾರೋ ಅಂದರು, 'ಸಣ್ಣಾಂವ ಒಮ್ಮೆಲೆ ಎಕ್ಸಿಲೇಟರ್ ಒತ್ತಿದ, ಅದಕ್ಕ ಹಿಂಗಾತು.' ನೀನು ಅಂಗಳದ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡೆ. ಯಾರೂ ಅಲ್ಲ ಎನ್ನಲಿಲ್ಲ, ನಾನೂ ಎನ್ನಲಿಲ್ಲ. ದಿನಕರ್ಮ ಮುಗಿದ ಮರುವಾರ ನೀನು ಚೀಲ ಹಿಡಿದು ಬಸ್ಸು ಹತ್ತಿದೆ.

ಅಂದಿನಿಂದ ಜೀಪು ಹಟ್ಟಿಯ ಪಕ್ಕದ ತಗಡಿನ ಕೆಳಗೆ ನಿಂತಿತ್ತು. ಮುಂದಿನ ಬಂಪರಿಲ್ಲದೆ ಹಲ್ಲು ಕಿತ್ತವರ ಬಾಯಿಯಂತೆ ಕಾಣುತ್ತಿತ್ತು, ಕೋಳಿಗಳು ಸೀಟಿನ ಮೇಲೆ ಮೊಟ್ಟೆ ಇಡತೊಡಗಿದ್ದವು. ಹೋದ ತಿಂಗಳು ಕುರಿಗಳು ಬಬಲೇಶ್ವರದ ಕಡೆಯ ಹೊಲದಲ್ಲಿ ತಂಗಿದ್ದಾಗ ಅವುಗಳಿಗೆ ಔಷಧಿ, ಹಿಂಡಿ ಒಯ್ಯುವವರಿಲ್ಲದೆ ಅವ್ವ ತಾನೇ ತಲೆಯ ಮೇಲೆ ಹೊತ್ತು ಹೊರಟಳು. ದಾರಿಯಲ್ಲಿ ಜಾರಿ ಬಿದ್ದು ಕೈ ತರಚಿಕೊಂಡು ಬಂದವಳು, 'ಗಾಡಿ ಏನ ಮಾಡೇತಿ? ಅದನ್ನ ಹೊರಗ ತಗಿ' ಎಂದಳು. ಅಷ್ಟೇ.

ವಿಜಯಪುರದಲ್ಲಿ ಮೆಹಬೂಬ ಎಂಬ ಮಿಸ್ತ್ರಿ ಇದ್ದಾನೆ, ಲಲಿತಾಳ ತಮ್ಮ ತೋರಿಸಿಕೊಟ್ಟ. ಕಂಪನಿಯ ಬಂಪರನ್ನೇ ಹೊಸದು ಹಾಕು, ನೋಡಲು ಮೊದಲಿನ ಹಾಗೆ ಇರಲಿ ಎಂದೆ. ಅವನು ನನ್ನನ್ನು ಕೈ ಹಿಡಿದು ಗಾಡಿಯ ಮುಂದೆ ಕೂರಿಸಿದ. 'ನೋಡ್ರಿ ಅಣ್ಣಾರ, ಬಂಪರ್ ಅಂದ್ರ ಗಾಡಿ ಮಾರಿಗೆ ಹಚ್ಚಿದ ಪೌಡರ್ ಇದ್ದಂಗ. ಪ್ಲಾಸ್ಟಿಕ್ಕು, ಅದರ ಹಿಂದ ತೆಳ್ಳನ್ನ ಪಟ್ಟಿ. ಡಿಕ್ಕಿ ಆದ್ರ ಮುದ್ದಿ ಆಗಾಕ ಮಾಡಿದ್ದು ಅದು, ಜಗ್ಗಾಕಲ್ಲ. ಖರೇ ಕಬ್ಬಿಣ ಇಲ್ಲೈತಿ' ಎಂದು ಒಳಗಿನ ಚಾಸಿಯ ಎರಡು ಉದ್ದನೆಯ ತೊಲೆಗಳನ್ನು ಬೋಲ್ಟು ಬಿಗಿಯುವ ಪಾನಾದಿಂದ ಬಡಿದು ತೋರಿಸಿದ. ಗುಡಿಯ ಗಂಟೆಯಂತೆ ಸದ್ದಾಯಿತು. ಸರಪಳಿ ಬಂಪರಿಗೆ ಹಾಕಿದ್ದರು ಎಂದು ಕೇಳಿ ಅವನು ಪಾನಾವನ್ನು ನೆಲಕ್ಕಿಟ್ಟ. ಆಮೇಲೆ ನಾನು ನಿನ್ನ ಎಕ್ಸಿಲೇಟರಿನ ಮಾತು ಎತ್ತಿದೆ. 'ಒತ್ತಿದ್ರೂ ಕೀಳತಿತ್ತು, ಒತ್ತದಿದ್ರೂ ಕೀಳತಿತ್ತು. ಒಳಗ ಕುಂತಾಂವಂದು ಏನೂ ತಪ್ಪಿಲ್ರಿ' ಎಂದ. ರಾಹುಲ, ಈ ಮಾತನ್ನು ಎರಡು ಸಲ ಓದು.

ಜಗ್ಗಲು ಚಾಸಿಗೇ ಕೊಕ್ಕೆ ಕೂರಿಸಬೇಕು ಎಂದ, ಅದಕ್ಕೆ ಎರಡು ದಿನ ಹಿಡಿಯಿತು. ಗಾಂಧಿ ಚೌಕದ ಹತ್ತಿರ ಅಂಗಡಿ ಅಂಗಡಿ ತಿರುಗಿ, ಅವನು ಚೀಟಿಯಲ್ಲಿ ಬರೆದುಕೊಟ್ಟ ಗಟ್ಟಿ ಬೋಲ್ಟುಗಳನ್ನೇ ತಂದೆ. ಬೆಸುಗೆ ಹಾಕಿಬಿಡು, ಬೇಗ ಆಗುತ್ತದೆ ಎಂದರೆ ಒಪ್ಪಲಿಲ್ಲ. ಚಾಸಿಯ ತೊಲೆ ಬೆಂಕಿಗೆ ಕಾದರೆ ಅದರ ಹದ ಹೋಗುತ್ತದಂತೆ. ದಪ್ಪ ಕಬ್ಬಿಣದ ಹಲಗೆ ಕೊಯ್ದು, ತೊಲೆಯಲ್ಲಿ ಮೊದಲೇ ಇದ್ದ ತೂತುಗಳಿಗೆ ಅಳತೆ ಹೊಂದಿಸಿ, ಒಂದೊಂದು ಬದಿಗೆ ನಾಲ್ಕು ಬೋಲ್ಟು ಬಿಗಿದ. ಹೊಸ ಬಂಪರನ್ನು ಎದುರಿಗೆ ಹಿಡಿದು, ರಟ್ಟಿನ ಮೇಲೆ ಗುರುತು ಮಾಡಿ, ಕೊಕ್ಕೆ ಹೊರಬರುವಷ್ಟೇ ಎರಡು ಕಿಂಡಿ ಕತ್ತರಿಸಿದ. ಹಿಂದೆಯೂ ಒಂದು ಕೊಕ್ಕೆ ಇದೆ. ಸರಪಳಿಯನ್ನು ಇನ್ನು ಮುಟ್ಟಬೇಡಿ ಎಂದು ಅಗಲವಾದ ನೈಲಾನ್ ಪಟ್ಟಿ ತರಿಸಿಕೊಟ್ಟ. ಜಗ್ಗುವಾಗ ಅದರ ಮೇಲೆ ಭಾರವಾದ ಕೌದಿಯನ್ನೋ ಕಂಬಳಿಯನ್ನೋ ಹೊದಿಸಬೇಕಂತೆ, ಹರಿದರೂ ಅದು ಹಾರದೆ ನೆಲಕ್ಕೆ ಬೀಳುತ್ತದೆ. ಮಂದಿ ದೂರ ನಿಲ್ಲಬೇಕು. ನಾವು ಕುರಿ ಕಾಯುವವರು, ಕಂಬಳಿಗೆ ಬರವೇ? ಅಪ್ಪ ಹೋದ ದಿನವೂ ಹಿಂದಿನ ಸೀಟಿನ ಮೇಲೆ ಮಡಚಿದ ಎರಡು ಇದ್ದವು.

ಹೋದ ಗುರುವಾರ ಅದೇ ಹಳ್ಳದ ದಂಡೆಯಲ್ಲಿ ಜೀಪು ಮತ್ತೆ ಹೂತಿತು. ಈರಯ್ಯ ಮಾಮಾನ ಟ್ರ್ಯಾಕ್ಟರ್ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಅವನು ಬಂದ, ಆದರೆ ಇಳಿಯಲಿಲ್ಲ. 'ನನ್ನ ಕೈಲಿ ಆಗೂದಿಲ್ಲೋ ತಮ್ಮಾ' ಎಂದು ಸ್ಟೇರಿಂಗ್ ಮೇಲೆ ಹಣೆ ಇಟ್ಟ. ನಾನೇ ಕೆಸರಿನಲ್ಲಿ ಕೂತು ಪಟ್ಟಿ ಕೊಕ್ಕೆಗೆ ಹಾಕಿದೆ, ಕಂಬಳಿ ಹೊದಿಸಿದೆ, ಬಂದು ಸ್ಟೇರಿಂಗ್ ಹಿಡಿದೆ. ಅವನು ಮೆಲ್ಲಗೆ ಜಗ್ಗಿದ. ಜೀಪು ಸುಮ್ಮನೆ ಎದ್ದು ಬಂತು, ಎಮ್ಮೆ ಹೊಂಡದಿಂದ ಎದ್ದು ಬಂದ ಹಾಗೆ. ಏನೂ ಆಗಲಿಲ್ಲ. ಏನೂ ಆಗದ್ದನ್ನು ನೋಡಿಯೇ ನಾವಿಬ್ಬರೂ ಹೊಲದ ಬದುವಿನ ಮೇಲೆ ಕೂತು ಅತ್ತೆವು.

ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ. ಲಲಿತಾ ಕೇಳಿದೆನೆಂದು ಬರೆಯಿರಿ ಎಂದಳು, ಖಾರದ ಪುಡಿ ಕಟ್ಟಿ ಇಟ್ಟಿದ್ದಾಳೆ, ಆ ಕಡೆ ಹೋಗುವವರು ಸಿಕ್ಕರೆ ಕಳಿಸುತ್ತಾಳೆ. ಹೊತ್ತಿಗೆ ಸರಿಯಾಗಿ ಉಣ್ಣು. ಅಮೋಘಸಿದ್ಧ ನಿನ್ನನ್ನು ಕಾಯಲಿ.

ನಿನ್ನ ಅಣ್ಣ
ಚಂದ್ರಕಾಂತ

ತಾ.ಕ.: ಅಂಟು ಹಚ್ಚುವ ಮೊದಲು ಇದನ್ನು ಬರೆಯುತ್ತಿದ್ದೇನೆ, ಇದಕ್ಕಾಗಿಯೇ ಇಷ್ಟೆಲ್ಲ ಬರೆದದ್ದು. ಆ ದಿನ ಸರಪಳಿಯನ್ನು ಬಂಪರಿಗೆ ಹಾಕಿದವನು ನಾನು. ನೀನು ಒಳಗಿದ್ದೆ, ನಿನಗೆ ಕಾಣಲಿಲ್ಲ. 'ಕೆಳಗ ಮಲಗಿ ಚಾಸಿಗೆ ಹಾಕೋ' ಎಂದು ಅಪ್ಪ ಎರಡು ಸಲ ಹೇಳಿದ. ಬೀಗರ ಮನೆಗೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ, ಕೆಸರಿನಲ್ಲಿ ಮಲಗಲು ಮನಸ್ಸಾಗಲಿಲ್ಲ. ಜನ ನಿನ್ನ ಹೆಸರು ಹೇಳಿದಾಗ ಸುಮ್ಮನಿದ್ದೆ. ಶುಕ್ರವಾರ ಅವ್ವನಿಗೆ ಹೇಳಿದೆ. 'ಇಷ್ಟು ದಿನ ಅದನ್ನ ಸಣ್ಣಾವನ ಮ್ಯಾಲೆ ಹೊರಿಸಿ ನೀ ಅನ್ನ ಹ್ಯಾಂಗ ಉಂಡಿ' ಎಂದು ಕೇಳಿದಳು, ಅಂದಿನಿಂದ ನನ್ನ ಜೊತೆ ಮಾತಿಲ್ಲ. ಈ ಕಾಗದಕ್ಕೆ ತನ್ನ ಮಾತುಗಳನ್ನೂ ಲಲಿತಾಳ ಬಾಯಿಂದಲೇ ಹೇಳಿಸಿದಳು. ನಿನ್ನೆ ಗುಡಿಯ ಕಟ್ಟೆಯ ಮೇಲೆ ಊರವರ ಎದುರಿಗೂ ಹೇಳಿದ್ದೇನೆ. ನೀನು ಬಾ. ನನ್ನ ಮುಖ ನೋಡುವುದು ಬೇಡವೆನಿಸಿದರೆ ಲಲಿತಾಳಿಗೆ ಒಂದು ಫೋನು ಮಾಡು, ನೀನು ಇರುವಷ್ಟು ದಿನ ನಾನು ಕುರಿಗಳ ಜೊತೆ ಹೊಲದಲ್ಲೇ ಇರುತ್ತೇನೆ.