ಮೇಜು ಬಿಟ್ಟೆದ್ದವಳ ಅಂಗೈ

ಮಾರ್ಚ್ ೩, ಬೆಳಗ್ಗೆ

ಜೀನಿನ ಹೊಲಿಗೆಯನ್ನು ಮೂರನೇ ಸಲ ಬಿಚ್ಚಿದೆ. ನಲವತ್ತು ವರ್ಷ ಕುದುರೆಗಳಿಗೆ ಜೀನು ಹೊಲಿದಿದ್ದೇನೆ, ಇವತ್ತು ಸೂಜಿ ಕೈಯ ಮಾತು ಕೇಳುತ್ತಿಲ್ಲ.

ನಿನ್ನೆ ಮಗಳು ಊಟಕ್ಕೆ ಬಂದಿದ್ದಳು. ಕ್ಯಾಸಿನೊ ಸೇರಿ ಆರು ತಿಂಗಳು. ಕ್ರೂಪಿಯರ್ ಅಂತೆ — ಎಲೆ ಹಂಚುವುದು, ಚಕ್ರ ತಿರುಗಿಸುವುದು. "ಜೂಜುಕಟ್ಟೆ ಕಾಯೋ ಕೆಲಸ ಬಿಟ್ಬಿಡು" ಎಂದೆ. ಊಟದ ಮೇಜು ಬಿಟ್ಟೆದ್ದಳು. ಎರಡೂ ಕೈ ತಟ್ಟಿ, ಅಂಗೈ ನನ್ನತ್ತ ತಿರುಗಿಸಿದಳು. ಅಪ್ಪನನ್ನೇ ಕೊಡವಿಹಾಕಿದ ಹಾಗೆ.

"ಹಾಗಾದ್ರೆ ಇನ್ಮೇಲೆ ಬರಬೇಡ."

ನನ್ನ ಬಾಯಿಂದ ಬಂದುಬಿಟ್ಟಿತು. ಚಪ್ಪಲಿ ಮೆಟ್ಟಿದಳು. ಹೋದಳು.

ಮಾರ್ಚ್ ೬

ಫೋನಿಲ್ಲ. ನಾನೂ ಮಾಡಲಿಲ್ಲ.

ಮಾರ್ಚ್ ೧೫, ಸಂಜೆ

ಕೂತಲ್ಲಿ ಕೂರಲಾಗದೆ ಬೀದಿಯ ಕೊನೆಯವರೆಗೆ ನಾಲ್ಕು ಸಲ ಹೋಗಿಬಂದೆ. ಐದನೇ ಸಲ ಲೈಬ್ರರಿ ಹೊಕ್ಕೆ. "ಕ್ರೂಪಿಯರ್ ಅಂದ್ರೇನು, ನೋಡಮ್ಮ." ಲೈಬ್ರರಿಯಾಕೆ ದಪ್ಪ ಕೋಶ ಬಿಡಿಸಿದಳು. ಫ್ರೆಂಚರ ಮಾತಂತೆ. "ಕ್ರೂಪ್ ಅಂದ್ರೆ ತಾತ, ಕುದುರೆಯ..." ದನಿ ತಗ್ಗಿಸಿದಳು. "ಕುಂಡೆ."

"ಅದಕ್ಯಾಕಮ್ಮ ನಾಚಿಕೆ? ಅದರಿಂದ ಒಂದು ಗೇಣು ಮುಂದೆ ಜೀನು ಕಟ್ಟಿಯೇ ಮನೆ ನಡೆಸಿದೋನು ನಾನು."

ಆಕೆ ಮುಂದಕ್ಕೆ ಓದಿದಳು. ಮೊದಲು, ಸವಾರನ ಹಿಂದೆ ಅದೇ ಕುದುರೆಯ ಮೇಲೆ ಕೂತವನಿಗೆ ಆ ಹೆಸರು. ಆಮೇಲೆ, ಜೂಜುಗಾರನ ಬೆನ್ನಿಗೆ ನಿಂತು ಪಾಲು ಹಂಚಿಕೊಳ್ಳುವವನಿಗೆ. ಕೊನೆಗೆ ಮೇಜಿನ ನೌಕರರಿಗೆ.

ಚಿಕ್ಕವಳಿದ್ದಾಗ, ಹೊಸ ಜೀನು ಪರೀಕ್ಷಿಸಲು ಹೊರಟಾಗಲೆಲ್ಲ ಮಗಳು ಕುದುರೆಯ ಮೇಲೆ ನನ್ನ ಹಿಂದೆ. ನನ್ನ ಸೊಂಟ ಹಿಡಿದ ಆ ಪುಟ್ಟ ಕೈ...

ಅಷ್ಟರಲ್ಲಿ ಆಕೆ ಇನ್ನೊಂದು ಪುಸ್ತಕ ತಂದಿದ್ದಳು. "ಇಲ್ನೋಡಿ, ಈ ಕೆಲಸದವ್ರು ಜೂಜಿನ ಮೇಜು ಬಿಟ್ಟೇಳೋವಾಗ ಪ್ರತಿ ಸಲ ಕೈ ತಟ್ಟಿ ಅಂಗೈ ತೋರಿಸ್ಬೇಕಂತೆ. ಏನೂ ಬಚ್ಚಿಟ್ಟಿಲ್ಲ ಅಂತ. ರೂಢಿಯಾಗಿ ಕೊನೆಗೆ ಮನೇಲೂ ಹಾಗೇ ಮಾಡ್ತಾರಂತೆ ಪಾಪ."

ಕನ್ನಡಕ ಒರೆಸಿದೆ. ಮತ್ತೆ ಒರೆಸಿದೆ.

ಮನೆಗೆ ಬಂದವನೇ ಫೋನ್ ಮಾಡಿದೆ. "ಭಾನುವಾರ ಊಟಕ್ಕೆ ಬಾ."

"ಬರಬೇಡ ಅಂದಿದ್ಯಲ್ಲಪ್ಪ."

"ಮುದುಕನ ನಾಲಿಗೆ, ಜಾರಿತು. ತಪ್ಪು ನಂದೇ."

"ನೋಡ್ತೀನಿ."

ಭಾನುವಾರ, ಬೆಳಗ್ಗೆ

ಎರಡು ತಟ್ಟೆ ಇಟ್ಟೆ. ಒಂದನ್ನು ತೆಗೆದೆ. ಮತ್ತೆ ಇಟ್ಟೆ.

ಅದೇ ದಿನ, ಮಧ್ಯಾಹ್ನ

ಬಂದಳು. ತಲೆ ಎತ್ತದೆ ಉಂಡಳು. ಏಳುವಾಗ ಕೈಗಳು ತಾವಾಗಿಯೇ ಮೇಲೆ ಬಂದವು — ಸರಕ್ಕನೆ ಬೆನ್ನ ಹಿಂದೆ ಅಡಗಿಸಿಕೊಂಡಳು.

ನಾನೂ ಎದ್ದೆ. ಎರಡೂ ಕೈ ತಟ್ಟಿ, ಅಂಗೈ ತಿರುಗಿಸಿ ತೋರಿಸಿದೆ.

ದಿಟ್ಟಿಸಿ ನೋಡಿದಳು. "ನಿನ್ನನ್ನ ಮೊದಲನೇ ದಿನಾನೇ ಕೆಲಸದಿಂದ ಕಿತ್ತಾಕ್ತಾರೆ, ಅಪ್ಪ. ಬೆರಳು ಬಿಡಿಸು." ನನ್ನ ಬೆನ್ನ ಹಿಂದೆ ಬಂದು ನಿಂತು, ಎರಡೂ ಮಣಿಕಟ್ಟು ಹಿಡಿದು, "ಹೀಗೆ..."

ಕೈ ತೊಳೆದು ಬರುತ್ತೇನೆಂದು ಹೇಳಿ ಇಷ್ಟು ಬರೆದೆ. ಕರೆಯುತ್ತಿದ್ದಾಳೆ, ಇನ್ನೊಂದು ಸಲ ಮಾಡಿ ತೋರಿಸಬೇಕಂತೆ —